ಅಪ್‌ಡೇಟ್ ಆದ ಫೋನು ಮತ್ತು ಆರು ಗಂಟೆಯ ಮಿಸ್ಡ್ ಕಾಲ್

ಬೆಳಗ್ಗೆ ಸರಿಯಾಗಿ ಆರು ಗಂಟೆಗೆ ಚಾಮರಾಜಪೇಟೆಯ ನನ್ನ ಮನೆಯಿಂದ ಮಲ್ಲೇಶ್ವರದಲ್ಲಿ ಮಗಳು ಅಳಿಯನ ಜೊತೆ ಇರುವ ಅಕ್ಕನ ಫೋನಿಗೆ ಒಂದು ಮಿಸ್ಡ್ ಕಾಲ್ ಹೋಗುತ್ತದೆ. ಎರಡು ರಿಂಗ್ ಆದ ಕೂಡಲೇ ನಾನು ಕಟ್ ಮಾಡಬೇಕು. ಎದ್ದಿದ್ದೇನೆ, ಚೆನ್ನಾಗಿದ್ದೇನೆ ಎಂದು ಅದರ ಅರ್ಥ. ಅಕ್ಕ ಎತ್ತುವಂತಿಲ್ಲ. ಆರೂ ಐದರೊಳಗೆ ರಿಂಗ್ ಬರದಿದ್ದರೆ ಅವಳೇ ನನಗೆ ಫೋನ್ ಮಾಡಬೇಕು. ಆಗಲೂ ನಾನು ಎತ್ತದಿದ್ದರೆ ಆಟೋ ಹಿಡಿದು ಬಂದುಬಿಡಬೇಕು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅಕ್ಕನೇ ಮಾಡಿದ ಏರ್ಪಾಡು ಇದು. ಒಂಬತ್ತು ವರ್ಷದಲ್ಲಿ ಅವಳು ಆಟೋ ಹಿಡಿಯುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ.

ಬರುವ ಹಾಗೂ ಇರಲಿಲ್ಲ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಆರು ಗಂಟೆಗೆ ಕೊಡಬೇಕಾದ ಔಷಧಿಯನ್ನು ಆರೂ ಹತ್ತಕ್ಕೆ ಕೊಟ್ಟರೆ ಅದನ್ನು ತಪ್ಪು ಎಂದೇ ಬರೆಯುತ್ತಿದ್ದ ಕಾಲ. ಆ ಅಭ್ಯಾಸ ಮೈಗೆ ಹತ್ತಿದ್ದು ನಿವೃತ್ತಿಯಾದರೂ ಬಿಟ್ಟಿಲ್ಲ. ಮನೆಗೆ ಬಂದ ಮೇಲೆ ಫೋನಿಗೂ ಒಂದು ದಿನಚರಿ ಹಾಕಿದ್ದೆ. ರಾತ್ರಿ ಒಂಬತ್ತಕ್ಕೆ ಸ್ವಿಚ್ ಆಫ್, ಬೆಳಗ್ಗೆ ಐದೂವರೆಗೆ ಆನ್. ಮಧ್ಯಾಹ್ನ ಊಟದ ಹೊತ್ತಿಗೆ ಚಾರ್ಜು, ನೂರು ತೋರಿಸಿದ ತಕ್ಷಣ ತೆಗೆದುಬಿಡುವುದು. ಏನನ್ನು ತೆರೆದರೂ ಕೆಲಸ ಮುಗಿದ ಮೇಲೆ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಚ್ಚುವುದು.

ಮೊನ್ನೆಯೊಂದು ಭಾನುವಾರ ಫೋನು ಅಪ್‌ಡೇಟ್ ಬಂದಿದೆ ಎಂದು ಹೇಳಿತು. ಬಂದದ್ದನ್ನು ಬಾಕಿ ಇಡುವವಳಲ್ಲ ನಾನು, ಆಗಲೇ ಹಾಕಿಸಿದೆ. ಅಕ್ಷರಗಳು ದುಂಡಗಾದವು, ಗಡಿಯಾರ ದೊಡ್ಡದಾಯಿತು. ಜೊತೆಗೆ ಫೋನು ಮಂಕಾಯಿತು. ಒತ್ತಿದರೆ ಒಂದು ನಿಟ್ಟುಸಿರು ಬಿಡುವಷ್ಟು ಹೊತ್ತು ಯೋಚಿಸಿ ಆಮೇಲೆ ತೆರೆಯುತ್ತಿತ್ತು. ಸೋಮವಾರದ ರಿಂಗ್ ನಾಲ್ಕು ನಿಮಿಷ ತಡವಾಗಿ ಹೋಯಿತು. ಅವತ್ತು ದಿನವಿಡೀ ನಾನು ಅದನ್ನು ಆಫ್ ಮಾಡಿ ಆನ್ ಮಾಡಿದೆ, ಐದು ಸಲವಾದರೂ ಇರಬೇಕು. ಮಂಗಳವಾರ ಬೆಳಗ್ಗೆ ಆರಕ್ಕೆ ಅಕ್ಕನ ಹೆಸರು ಒತ್ತಿದರೆ ಪರದೆ ಅಲ್ಲೇ ನಿಂತುಬಿಟ್ಟಿತು. ಆರೂ ಆರಕ್ಕೆ ಅವಳೇ ಕರೆದಳು. ಶಬ್ದ ಬರುತ್ತಿದೆ, ಹಸಿರು ಗುಂಡಿಯನ್ನು ಎಷ್ಟು ಎಳೆದರೂ ಅಲುಗಾಡುತ್ತಿಲ್ಲ. ಪಕ್ಕದ ಮನೆಯವರ ಫೋನು ಕೇಳೋಣವೆಂದರೆ ಅವರು ಊರಲ್ಲಿರಲಿಲ್ಲ.

ಆರೂ ಮುಕ್ಕಾಲಿಗೆ ಗೇಟಿನ ಸದ್ದಾಯಿತು. ಅಕ್ಕ ನಿಂತಿದ್ದಳು. ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಅಳಿಯನದು.

"ಬದುಕಿದೀಯಾ?"

"ಬದುಕಿದೀನಿ, ಬಾ ಒಳಗೆ."

"ಬದುಕಿರೋರು ಫೋನ್ ಎತ್ತಬೇಕು ಕಣೇ! ದಾರಿಯುದ್ದಕ್ಕೂ ಆ ಆಟೋದವನ ಪ್ರಾಣ ತಿಂದೆ, ಬೇಗ ಹೋಗಪ್ಪಾ ಬೇಗ ಹೋಗಪ್ಪಾ ಅಂತ."

ಮೂರು ತಿಂಗಳ ಹಿಂದೆ ಅಕ್ಕನ ಬಲ ಮಂಡಿಗೆ ಆಪರೇಷನ್ ಆಗಿದೆ. ಕೋಲಿಲ್ಲದೆ ಮೆಟ್ಟಿಲಿಳಿಯಬಾರದೆಂದು ಡಾಕ್ಟರು ಹೇಳಿದ್ದಾರೆ. ಅವಳು ಕೋಲು ಬಿಟ್ಟು ಹದಿನೆಂಟು ಮೆಟ್ಟಿಲಿಳಿದು ಓಡಿ ಬಂದಿದ್ದಳು. ಕೂರಿಸಿ ಸೀರೆ ಸರಿಸಿ ನೋಡಿದೆ. ಮಂಡಿ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ. ಐಸ್ ಇಟ್ಟೆ.

"ನಾಳೆನೂ ರಿಂಗ್ ಬರ್ಲಿಲ್ಲ ಅಂದ್ರೆ?" ಎಂದೆ.

"ನಾಳೆನೂ ಬರ್ತೀನಿ. ಮಂಡಿ ಇರ್ಲಿ, ಹೋಗ್ಲಿ."

ಅವಳ ಮಾತು ನನಗೆ ಗೊತ್ತು, ಬಂದೇ ಬರುತ್ತಾಳೆ. ಇನ್ನೊಂದು ಸಲ ಹಾಗೆ ಓಡಿ ಬಿದ್ದರೆ ಆ ಮಂಡಿ ಮತ್ತೆ ಆಪರೇಷನ್ ಕೋಣೆಗೇ ಹೋಗಬೇಕು. ನಾಳೆ ಆರರೊಳಗೆ ಫೋನು ಚುರುಕಾಗಲೇಬೇಕಿತ್ತು.

ನಮ್ಮ ರಸ್ತೆಯ ತಿರುವಿನಲ್ಲಿ ಒಬ್ಬ ಹೆಂಗಸು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ, ನಲವತ್ತರ ಆಸುಪಾಸು. ಹತ್ತಕ್ಕೆ ತೆಗೆಯುವ ಅಂಗಡಿಗೆ ಹತ್ತಕ್ಕೆ ಐದು ನಿಮಿಷವಿರುವಾಗಲೇ ಹೋದೆ. ಅಕ್ಕ ನನ್ನ ಹಳೇ ಛತ್ರಿಯನ್ನೇ ಕೋಲು ಮಾಡಿಕೊಂಡು ಹಿಂದೆಯೇ ಬಂದಳು. ಬೇಡವೆಂದರೆ ಕೇಳಲಿಲ್ಲ.

ಆಕೆ ಫೋನು ನೋಡಿ ನಕ್ಕರು. "ಅಮ್ಮಾ, ಇದ್ರಲ್ಲಿ ಉಸಿರಾಡಕ್ಕೂ ಜಾಗ ಇಲ್ಲ. ಬರೀ ಫೋಟೋ. ಯಾರೋ ದಿನಾ ಹತ್ತಿಪ್ಪತ್ತು ಗುಡ್ ಮಾರ್ನಿಂಗ್ ಕಳಿಸ್ತಾರಲ್ಲಾ?"

ನಾನು ಅಕ್ಕನನ್ನು ನೋಡಿದೆ. ಅಕ್ಕ ಬೀದಿ ನೋಡಿದಳು. ಸೋಮವಾರ ಈಶ್ವರ, ಮಂಗಳವಾರ ಗಣಪತಿ, ಶುಕ್ರವಾರ ಲಕ್ಷ್ಮಿ, ಮಿಕ್ಕ ದಿನ ಗುಲಾಬಿ. ಎಲ್ಲ ಅವಳದೇ.

"ಅಳಿಸಿಬಿಡಮ್ಮ," ಎಂದೆ.

"ಗುಲಾಬಿ ಅಳಿಸ್ಲಿ," ಎಂದಳು ಅಕ್ಕ, "ದೇವ್ರನ್ನ ಯಾರಾದ್ರೂ ಅಳಿಸ್ತಾರೇನೇ? ಅದೂ ಮಂಗಳವಾರ, ಗಣಪತೀನ!"

"ಅಮ್ಮಾ, ಪೂಜೆ ಮಾಡಿ ನಾವೇ ನೀರಿಗೆ ಬಿಡಲ್ವಾ? ಇದೂ ಹಂಗೇ ಅಂದ್ಕೊಳಿ."

ಅಕ್ಕ ಪರದೆಗೆ ಒಮ್ಮೆ ಕೈಮುಗಿದು, "ಹೂಂ, ಬಿಡಿ," ಎಂದಳು. ಎರಡು ಸಾವಿರಕ್ಕೂ ಮೇಲ್ಪಟ್ಟ ಚಿತ್ರಗಳು ಹೋದವು. ಆಪ್‌ಗಳನ್ನೂ ಆಕೆ ಹೊಸದು ಮಾಡಿದರು. ಫೋನು ಕೊಂಚ ಸುಧಾರಿಸಿತು, ಆದರೂ ಮಂಕು ಪೂರ್ತಿ ಹೋಗಲಿಲ್ಲ.

"ರಾತ್ರಿ ಚಾರ್ಜಿಗೆ ಹಾಕಿ ಬಿಡ್ತೀರಾ?"

"ಇಲ್ಲ. ಒಂಬತ್ತಕ್ಕೆ ಆಫ್ ಮಾಡ್ತೀನಿ," ಎಂದು ನನ್ನ ದಿನಚರಿಯನ್ನೆಲ್ಲ, ನಿನ್ನೆ ಐದು ಸಲ ಆಫ್ ಆನ್ ಮಾಡಿದ್ದನ್ನೂ ಹೇಳಿದೆ. ಹೊಗಳಿಯಾರು ಅಂದುಕೊಂಡಿದ್ದೆ.

"ಅಯ್ಯೋ, ಅದಕ್ಕೇ! ದೊಡ್ಡ ಅಪ್‌ಡೇಟ್ ಆದ್ಮೇಲೆ ಒಳಗಡೆ ಇನ್ನೂ ತುಂಬಾ ಕೆಲಸ ಇರುತ್ತೆ ಅಮ್ಮಾ. ಒಂದೊಂದು ಆಪನ್ನೂ ಹೊಸದಕ್ಕೆ ಹೊಂದಿಸ್ಕೋಬೇಕು. ಚಾರ್ಜಿಗೆ ಹಾಕಿ, ಮುಟ್ಟದೆ ಬಿಟ್ಟಿದ್ದಾಗ ತಾನೇ ಮಾಡ್ಕೊಳ್ಳುತ್ತೆ. ನೀವು ಟೈಮೇ ಕೊಟ್ಟಿಲ್ಲ. ಮೇಲೆ ದಿನಕ್ಕೈದು ಸಲ ಆಫ್ ಆನ್. ತೆರೆದಿದ್ದೆಲ್ಲ ತಳ್ಳಿ ಮುಚ್ಚೋದೂ ಬೇಡ, ಪ್ರತಿ ಸಲ ಮೊದಲಿಂದ ಶುರು ಮಾಡ್ಬೇಕಾಗುತ್ತೆ ಅದಕ್ಕೆ."

ಅಕ್ಕನಿಗೆ ಹಬ್ಬವಾಯಿತು. "ನನ್ನ ಗಣಪತಿ ಮೇಲೆ ತಪ್ಪು ಹೊರಿಸಿದ್ಯಲ್ಲ, ಈಗ ಹೇಳು!"

ಆಪರೇಷನ್ ಆದ ರೋಗಿಯನ್ನು ಗಂಟೆಗೊಮ್ಮೆ ಎಬ್ಬಿಸಿ ನಡೆಸಿದ ಹಾಗೆ ಮಾಡಿದ್ದೆ ನಾನು. ವಾರ್ಡಿನಲ್ಲಿ ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಕಾರಿಡಾರಿಗೆ ಕರೆದು ಬೈಯುತ್ತಿದ್ದೆ.

ಮಧ್ಯಾಹ್ನ ಆವಿಯಲ್ಲಿ ಬೆಂದ ನುಚ್ಚಿನುಂಡೆ, ಮಜ್ಜಿಗೆಹುಳಿ ಮಾಡಿದೆ. ಅಕ್ಕ ಉಂಡು, ಮಲಗಿ, ಸಂಜೆ ಅಳಿಯನ ಕಾರಿನಲ್ಲಿ ಹೊರಟಳು. ಅಳಿಯ ತನ್ನ ಚಪ್ಪಲಿ ನೋಡಿ ನಕ್ಕು ಕಾರಿನ ಬಾಗಿಲು ತೆಗೆದ, ಒಳ್ಳೆಯ ಮನುಷ್ಯ. ಅಂದು ಒಂಬತ್ತು ಗಂಟೆಗೆ ಕೈ ತಾನಾಗಿ ಫೋನಿನ ಗುಂಡಿಯ ಕಡೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು, ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ, ಕೋಣೆಯ ಬಾಗಿಲು ಮುಂದೆ ಮಾಡಿ ಮಲಗಿದೆ.

ಬೆಳಗ್ಗೆ ಐದೂವರೆಗೆ ಮುಟ್ಟಲಿಲ್ಲ. ಐದೂ ಐವತ್ತೆಂಟಕ್ಕೆ ಕೈಗೆತ್ತಿಕೊಂಡೆ. ಬೆರಳು ತಾಕಿದ್ದೇ ತಡ, ತೆರೆದುಕೊಂಡಿತು. ಸುಮ್ಮನೆ ಕ್ಯಾಲೆಂಡರ್ ತೆರೆದೆ, ಕ್ಯಾಮೆರಾ ತೆರೆದೆ. ಎಲ್ಲ ಚಕಚಕನೆ ಬಂದವು. ನನಗೆ ನಗು ಬಂತು. ಆರಕ್ಕೆ ಅಕ್ಕನ ಹೆಸರು ಒತ್ತಿದೆ. ಮೊದಲ ರಿಂಗ್ ಮುಗಿಯುವ ಮೊದಲೇ ಎತ್ತಿಬಿಟ್ಟಳು.

"ಎತ್ತಬಾರದು ಅಂತ ತಾನೇ ಇರೋದು?" ಎಂದೆ.

"ಇರ್ಲಿ ಬಿಡೇ. ಐದೂವರೆಯಿಂದ ಕೈಲಿ ಹಿಡ್ಕೊಂಡು ಕೂತಿದೀನಿ. ಕೋಲೂ ಪಕ್ಕದಲ್ಲೇ ಇದೆ."

"ಮಂಡಿ?"

"ಊತ ಇಳಿದಿದೆ. ಮೆಟ್ಟಿಲು ಇಳಿಯಲ್ಲ ಬಿಡು ಇವತ್ತು."

"ಸರಿ, ಇಡ್ತೀನಿ. ಇನ್ನೊಂದು ಸಲ ಎರಡು ರಿಂಗ್ ಕೊಡ್ತೀನಿ, ಎತ್ತಬೇಡ."

"ಆಗ್ಲಿ ಸಿಸ್ಟರ್."

ಮತ್ತೆ ಒತ್ತಿದೆ. ಒಂದು, ಎರಡು. ಕೆಂಪು ಗುಂಡಿ ಒತ್ತಿದ ಕ್ಷಣವೇ ಕಟ್ಟಾಯಿತು. ಈ ಸಲ ಅಕ್ಕ ಎತ್ತಲಿಲ್ಲ. ಗಂಟೆ ಆರೂ ಎರಡು. ಡಿಕಾಕ್ಷನ್‌ಗೆ ನೀರಿಟ್ಟೆ.