ಸದಸ್ಯರು ಗೈರುಹಾಜರಾದ ದಿನ

ಕಳೆದ ವಾರ ಇದೇ ಜಾಗದಲ್ಲಿ ನಮ್ಮ ಪಾರ್ಲಿಮೆಂಟ್ ಸದಸ್ಯರಿಗೆ ಚೆನ್ನಾಗಿ ಬೈದಿದ್ದೆ, ನೆನಪಿದೆಯೇ? ನಮ್ಮ ಹೊಳೆಗೆ ಸೇತುವೆ ಯಾವಾಗ ಎಂದು ಕೇಳಿದ್ದು ಅವರದೇ ಪ್ರಶ್ನೆ. ಸ್ಪೀಕರ್ ಹೆಸರು ಕರೆದಾಗ ಆಸಾಮಿಯೇ ಇಲ್ಲ! ಸರದಿ ಮುಂದಿನವರಿಗೆ ಹೋಯಿತು. ದೆಹಲಿಯ ಚಳಿಗೆ ಎಚ್ಚರವಾಗಲಿಲ್ಲವೇ ಎಂದು ಕೇಳಿದ್ದೆ. (ನೀವೂ ನಕ್ಕಿದ್ದೀರಿ. ಪತ್ರಗಳು ಬಂದಿವೆ.)

ಮೂರನೆಯ ದಿನ ಕಾಪುವಿನಿಂದ ಅವರ ಹೆಂಡತಿಯ ಕಾರ್ಡು ಬಂತು. ಒಮ್ಮೆ ಮನೆಗೆ ಬಂದು ಹೋಗಬೇಕಂತೆ.

ಉಗಿಸಿಕೊಳ್ಳಲು ತಯಾರಾಗಿಯೇ ಉಡುಪಿಯಲ್ಲಿ ಬಸ್ಸು ಹತ್ತಿದೆ. ದೋಣಿಯಲ್ಲಿ ಹೊಳೆ ದಾಟಿ, ಆಚೆ ಇನ್ನೊಂದು ಬಸ್ಸು ಹಿಡಿದೆ. ಆಕೆ ಬೈಯಲಿಲ್ಲ. ಬೆಲ್ಲ, ನೀರು ತಂದಿಟ್ಟರು. ಆಮೇಲೆ ತಮ್ಮ ವರ್ಷ ಹೇಗೆ ಹೋಗುತ್ತದೆಂದು ಹೇಳಿದರು. ಫೆಬ್ರವರಿಯಿಂದ ಮೇವರೆಗೆ ಬಜೆಟ್. ಮಳೆಗಾಲಕ್ಕೊಂದು ಅಧಿವೇಶನ, ಚಳಿಗಾಲಕ್ಕೊಂದು. ನಡುವೆ ಕಮಿಟಿ, ಕಾರ್ಕಳ, ಬಜಗೋಳಿ ಎಂದು ಪ್ರವಾಸ. ಮನೆಗೆ ಬಂದರೂ ಬೆಳಗಾದರೆ ಜಗಲಿ ತುಂಬ ಅರ್ಜಿ ಹಿಡಿದವರು. ಗಂಡನ ಮಾತು ಆಕೆಗೆ ಕೇಳುವುದು ಬಾಗಿಲ ಹಿಂದಿನಿಂದ, ಅದೂ ಅವರು ಬೇರೆಯವರೊಂದಿಗೆ ಆಡುವಾಗ.

"ನನಗೆ ಜ್ವರ ಬಂದದ್ದು ಹೌದು," ಎಂದರು. "ಆದರೆ ತಂತಿ ಕೊಡುವಷ್ಟು ಇರಲಿಲ್ಲ. ನಾನೇ ಕೊಡಿಸಿದೆ."

ಮೂರು ದಿನ ರೈಲಿನಲ್ಲಿ ಕೂತು ಅವರು ಬಂದರು. ಬರುವಷ್ಟರಲ್ಲಿ ಜ್ವರ ಬಿಟ್ಟಿತ್ತು. ಬಂದದ್ದು ಊರಿಗೆ ಗೊತ್ತಿಲ್ಲದ ಕಾರಣ ಜಗಲಿ ಖಾಲಿ. ಗಂಡ ತಾವೇ ಆಕೆಗೆ ಗಂಜಿ ಬಡಿಸಿ, ಎದುರು ಕೂತು, ಉಪ್ಪಿನಕಾಯಿ ಈ ಸಲ ಸ್ವಲ್ಪ ಖಾರವಾಯಿತು ಎಂದರಂತೆ. ಇಷ್ಟೇ. ಸೇತುವೆಯ ಪ್ರಶ್ನೆ ಇದ್ದದ್ದು ಅದೇ ದಿನ ಎಂದು ಆಕೆಗೆ ತಿಳಿದದ್ದು ನನ್ನ ಅಂಕಣ ಓದಿ! ಗಂಡ ಬಾಯಿಬಿಟ್ಟಿರಲೇ ಇಲ್ಲ.

"ಇವರದು ತಪ್ಪಿಲ್ಲ ಅಂತ ಬರೆಯಿರಿ. ಸೇತುವೆ ತಪ್ಪಿಸಿದ್ದು ನಾನು. ಆದರೆ ಸುಳ್ಳು ಎಂತಕ್ಕೆ ಹೇಳಲಿ? ಅಂಥ ದಿನ ಇನ್ನೊಂದು ಬೇಕು ಅಂತ ಆಸೆ ಉಂಟು."

ಯಾರನ್ನು ಬೈಯಲಿ? ಹಿಂದಿರುಗುವಾಗ ಕಡವಿನಲ್ಲಿ ಒಂದು ಗಂಟೆ ದೋಣಿಗೆ ಕಾದೆ. ಎಂದಿನ ಸಿಟ್ಟು ಬರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬಳು ಕಾಯುತ್ತಿದ್ದಾಳಲ್ಲ, ಬೇಗ ಹೋಗಬೇಕು ಅನ್ನಿಸಿತು, ಅಷ್ಟೆ.

ಸೇತುವೆ ಬೇಕು, ಬೇಡವೆನ್ನುವವರು ಯಾರು? ಮುಂದಿನ ಅಧಿವೇಶನದಲ್ಲಿ ಅವರು ಮತ್ತೆ ಕೇಳಲಿ, ತಪ್ಪದೆ ಹಾಜರಿದ್ದು ಕೇಳಲಿ.

ಆದರೆ ಸ್ವಾಮಿ, ದೆಹಲಿಗೆ ವರ್ಷಕ್ಕೆ ಮೂರು ಅಧಿವೇಶನ ಕೊಡುತ್ತೀರಿ, ಜಗಲಿ ದಾಟಿ ಒಳಗೆ ಒಂದಾದರೂ ಬೇಡವೇ?