ಮೇಲೊಂದು ಮನೆ ಬರುವವರೆಗೆ

ಇವತ್ತು ಬೆಳಿಗ್ಗೆ ಮೇಲಿನ ಮನೆಯವರು ಕುರ್ಚಿ ಎಳೆದರು. ಕೆಳಗೆ, ಅಕ್ಕ ಬಿಟ್ಟುಹೋದ ಒಂದು ರೂಮಿನ ಮನೆಯಲ್ಲಿ ನಾನು ಕಿವಿಗೊಟ್ಟು ನಿಂತಿದ್ದೆ. ದೂರದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಷ್ಟೇ ಸದ್ದು. ಸದ್ದು ತಡೆಯಲು ನಾನು ಮಾಡಿದ ಕೆಲಸ ಚೆನ್ನಾಗಿಯೇ ಬಂದಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ.

ಗೋವಿಂದರಾಜನಗರದ ಈ ಮನೆಯನ್ನು ಕಟ್ಟಿದ್ದು ನಾನೇ. ಗಾರೆ ಮೇಸ್ತ್ರಿಯ ಮನೆ ಎಂದರೆ ನಿಮಗೆ ಗೊತ್ತಲ್ಲ, ಎಂದಿಗೂ ಮುಗಿಯುವುದಿಲ್ಲ. ತಾರಸಿಯ ಮೇಲೆ ಪಿಲ್ಲರ್ ಕಂಬಿಗಳು ಆಕಾಶ ನೋಡುತ್ತಾ ನಿಂತಿರುತ್ತವೆ. ಬಿಸಿಲು ಕೆಳಗಿಳಿಯದಂತೆ ಊರಿನವರ ತಾರಸಿಗೆಲ್ಲ ಸುಣ್ಣ, ಇಟ್ಟಿಗೆಪುಡಿಯ ಸುರ್ಕಿ ಹಾಕಿ, ಬಿಳಿ ಟೈಲ್ಸ್ ಕೂರಿಸಿದವನು ನಾನು. ನನ್ನದು ಮಾತ್ರ ಬೋಳು. ಹೇಗೂ ಮೇಲೊಂದು ಮನೆ ಬರುತ್ತದಲ್ಲ!

ಆ ಬೋಳು ತಾರಸಿಯ ಕೆಳಗೆ ಅಕ್ಕ ರವಿಕೆ ಹೊಲಿಯುತ್ತಿದ್ದಳು. ಭಾವ ಹೋದ ಮೇಲೆ ನಾನೇ ಕರೆತಂದಿದ್ದೆ. ಅವಳು ಬಾಡಿಗೆ ಕೊಡುವ ಮಾತೆತ್ತಿದರೆ ನನಗೆ ಸಿಟ್ಟು.

"ದೋಸೆ ಥರ ಬೇಯ್ತಾ ಇದೀನಿ ಕಣೋ. ಹಂಚು ಮಾತ್ರ ಮೇಲಿದೆ," ಎಂದಳು ಒಂದು ಬೇಸಿಗೆ.

"ಮುಂದಿನ ವರ್ಷ ಮೇಲೆ ಮನೆ ಏಳುತ್ತೆ ಬಿಡಕ್ಕ, ಬಿಸಿಲೆಲ್ಲ ಮೇಲೆ ಬರೋ ಬಾಡಿಗೆಯವರ ಪಾಲಿಗೆ," ಎಂದೆ. ಆ ಮುಂದಿನ ವರ್ಷ ಬರಲು ನಾಲ್ಕು ಬೇಸಿಗೆ ಹಿಡಿಯಿತು.

ಮನೆ ಎದ್ದಿತು. ಬಿಸಿಲು ಹೋಯಿತು, ಸದ್ದು ಬಂತು. ಸ್ಲ್ಯಾಬಿಗೂ ಟೈಲ್ಸಿಗೂ ನಡುವೆ ಸಿಮೆಂಟು ಬಿಟ್ಟು ಬೇರೇನೂ ಹಾಕಿರಲಿಲ್ಲ. ಮೇಲೆ ಚಮಚ ಬಿದ್ದರೆ ಅಕ್ಕನ ನೆತ್ತಿಗೇ ಬಿದ್ದ ಹಾಗೆ. ಹೇಳಿದಳು. ನನ್ನ ಮೇಸ್ತ್ರಿತನಕ್ಕೆ ಉರಿಯಿತು.

"ನನ್ನ ಸ್ಲ್ಯಾಬ್ ಮೇಲೆ ಆನೆ ನಿಂತ್ರೂ ಏನೂ ಆಗಲ್ಲ, ತಿಳ್ಕೋ!"

"ನಿಂತ್ರೆ ಪರವಾಗಿಲ್ಲಪ್ಪ. ಓಡಾಡುತ್ತಲ್ಲ!"

ನಮ್ಮ ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ. "ಪುಕ್ಸಟ್ಟೆ ಇರೋ ಮನೇಲೂ ತಪ್ಪು ಹುಡುಕ್ತೀಯಲ್ಲ," ಎಂದುಬಿಟ್ಟೆ.

ಅಕ್ಕ ಮತ್ತೆ ದೂರಲಿಲ್ಲ. ಮುಂದಿನ ತಿಂಗಳು ಹೊಲಿಗೆ ಮಿಷನ್ನನ್ನು ಆಟೋದಲ್ಲಿ ಇಟ್ಟುಕೊಂಡು ಇದೇ ಊರಂಚಿನ ಉಲ್ಲಾಳದ ಬಾಡಿಗೆ ಮನೆಗೆ ಹೋದಳು.

ನನಗೆ ಬುದ್ಧಿ ಬಂದದ್ದು ಆಮೇಲೆ. ಮೇಲಿನ ಟೈಲ್ಸ್ ಕಿತ್ತು, ದಪ್ಪ ರಬ್ಬರ್ ಹಾಸಿ, ಮತ್ತೆ ಕೂರಿಸಿದೆ. ಎಲ್ಲಾ ಸೇರಿ ಒಂದು ವಾರದ ಕೆಲಸ. ಅಷ್ಟೇ.

ಇವತ್ತು ಫೋನ್ ಮಾಡಿದೆ. "ಈಗ ಸದ್ದಿಲ್ಲ ಅಕ್ಕ, ಬಾ. ತಪ್ಪು ನಂದೇ."

ಆ ಕಡೆ ಮಿಷನ್ ಓಡುತ್ತಲೇ ಇತ್ತು. "ಬಾಡಿಗೆಗೆ ಕೊಡೋ," ಎಂದಳು. "ದುಡ್ಡು ಕೊಡೋರಾದ್ರೆ ತೊಂದ್ರೆ ಇದ್ರೆ ಬಾಯ್ಬಿಟ್ಟು ಹೇಳ್ತಾರೆ. ನಾನು ಬಂದ್ರೆ ಮತ್ತೆ ಸುಮ್ನಿರಬೇಕಾಗುತ್ತೆ."

ಗೇಟಿಗೆ ಬೋರ್ಡು ಬರೆಯಲು ಬಣ್ಣ ಕಲಸಿಕೊಂಡು ಕೂತಿದ್ದೇನೆ. 'ಮನೆ' ಎಂದು ಬರೆದಾಯಿತು. ಮುಂದಕ್ಕೆ ಕೈ ಏಳುತ್ತಿಲ್ಲ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು, ನಿಜ. ಆದರೆ 'ಬಾಡಿಗೆಗೆ ಇದೆ' ಎಂದು ಬರೆಯುವಷ್ಟು ನನಗೆ ಬರುತ್ತದೆ.