ಖಾಲಿ ಕುರ್ಚಿಗೆ ಗುಂಡುಕಲ್ಲು

ಆಗ ನನಗೆ ಅರವತ್ತೇಳು. ಈಗ್ಗೆ ಆರು ವರ್ಷದ ಹಿಂದಿನ ಮಾತು.

ಚಿಂತಾಮಣಿಯಲ್ಲಿ ಯಾರದೋ ಹಳೇ ಬಂಗಲೆ ಕೆಡವಿದಾಗ ನಮ್ಮ ಯಜಮಾನರು ಬೆತ್ತದ ಒಂದು ತೂಗುಕುರ್ಚಿ ತಂದಿದ್ದರು. ಶಿಡ್ಲಘಟ್ಟದ ನಮ್ಮ ನಡುಮನೆಯಲ್ಲಿ, ಬೀದಿಬಾಗಿಲಿಗೆ ಎದುರಾಗಿ ಹಾಕಿಕೊಂಡು, ಬಂದವರನ್ನೆಲ್ಲ ತೂಗಾಡುತ್ತಲೇ ಮಾತಾಡಿಸುತ್ತಿದ್ದರು. ಇನ್ನೊಬ್ಬರು ಕೂರುವಂತಿರಲಿಲ್ಲ. ನಾನು ಅದರ ಧೂಳು ಒರೆಸುತ್ತಿದ್ದೆ, ಒಮ್ಮೆಯೂ ಕೂತಿರಲಿಲ್ಲ. ಒಂದು ಮಧ್ಯಾಹ್ನ ಕಾಫಿ ಕುಡಿಯುತ್ತ ಅದರಲ್ಲೇ ಹೋದರು. ಲೋಟ ಬಿತ್ತು. ಕುರ್ಚಿ ಮಾತ್ರ ಸ್ವಲ್ಪ ಹೊತ್ತು ಆಡುತ್ತಲೇ ಇತ್ತು.

ತಿಥಿ ಮುಗಿದ ಮೇಲೆ ಅದು ತಾನಾಗಿ ಆಡತೊಡಗಿತು. ದಿನಾ ಅವರ ಕಾಫಿ ಹೊತ್ತಿಗೆ. ಚಳಿಗಾಲ, ಕಿಟಕಿ ಮುಚ್ಚಿತ್ತು. ಮನೆಯಲ್ಲಿ ಬೆಕ್ಕಿಲ್ಲ.

ಆಡಿದರೆ ಆಡಲಿ ಎಂದು ನಾನು ಸುಮ್ಮನಿದ್ದೆ. ಆದರೆ ಸೊಸೆ ಚೊಚ್ಚಲ ಬಸುರಿ. ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಆಗಿಬರುವುದಿಲ್ಲ ಅನ್ನುತ್ತಾರಲ್ಲ, ಅವಳು ಕುರ್ಚಿಗೂ ಅದನ್ನೇ ಹಿಡಿದಳು.

“ಹೆರಿಗೆಗೆ ತವರಿಗೆ, ನಗರಗೆರೆಗೆ ಹೋದ್ರೆ ಮಗು ಎತ್ಕೊಂಡು ಈ ಮನೆಗೆ ಬರಲ್ಲ ಅತ್ತೆ,” ಅಂದಳು.

“ಗುಜರಿಗೆ ಹಾಕಿಸ್ಲೇನೇ?”

“ಗುಜರಿಯವನ ಹತ್ರಾನೂ ಆಡುತ್ತೆ. ಮಾವ ಅಲ್ಲಿ ಕೂತ್ಕೊಂಡು ನನ್ನೇ ಬೈತಾರೆ.”

“ಇದ್ದಾಗ್ಲೂ ಬೈತಿದ್ರು. ಹೊಸದೇನಲ್ಲ ಬಿಡು.”

ಅವಳು ನಗಲಿಲ್ಲ.

ಮೊಮ್ಮಗು ಬೇರೆ ಊರಲ್ಲಿ ಬೆಳೆಯುವುದು ನನಗೆ ಬೇಡವಾಗಿತ್ತು. ಹೊಸ ತೊಟ್ಟಿಲಿಗೆ ಮಗುವಿಗಿಂತ ಮೊದಲು ಒರಳಿನ ಗುಂಡುಕಲ್ಲು ಮಲಗಿಸುತ್ತೇವೆ, ಅದು ಖಾಲಿ ಅನ್ನಿಸಿಕೊಳ್ಳಬಾರದೆಂದು. ಹಾಗೇ ಮಾಡಿದೆ. ಕಲ್ಲು ತೊಳೆದು, ಅರಿಶಿನ ಕುಂಕುಮ ಇಟ್ಟು, ಅವರ ಟವಲು ಸುತ್ತಿ ಕುರ್ಚಿಯಲ್ಲಿಟ್ಟೆ. ಎತ್ತುವಾಗ ಸೊಂಟ ಹಿಡಿಯಿತು. ಅತ್ತೆ ಸೊಸೆ ಇಬ್ಬರೂ ಗೋಡೆಗೊರಗಿ ನೋಡುತ್ತ ಕೂತೆವು.

ಕಾಫಿ ಹೊತ್ತಾಯಿತು. ಕುರ್ಚಿ ಆಡಲಿಲ್ಲ. “ನೋಡ್ದಾ?” ಅನ್ನುವಷ್ಟರಲ್ಲಿ ಕಿರ್ ಅಂದಿತು. ಅಷ್ಟು ಭಾರ ಹೊತ್ತುಕೊಂಡೇ ಮೆಲ್ಲಗೆ ಹಿಂದಕ್ಕೆ ವಾಲಿತು, ಮುಂದಕ್ಕೆ ಬಂತು. ನಿದ್ದೆ ಹತ್ತಿದ ಮಗುವನ್ನು ತೂಗುತ್ತೇವಲ್ಲ, ಹಾಗೆ.

ಸೊಸೆ ಹೊಟ್ಟೆ ಹಿಡಿದುಕೊಂಡಳು. “ಕಲ್ಲನ್ನೂ ತೂಗ್ತಾವ್ರೆ ಅತ್ತೆ! ನಾಳೇನೇ ಹೋಗ್ತೀನಿ ನಾನು.”

ನಾನು ಕುರ್ಚಿಯ ಕಡೆ ತಿರುಗಿದೆ. ಸಿಟ್ಟು ಬಂತು. “ಏಳ್ರೀ ಸಾಕು,” ಅಂದೆ. “ಇದ್ದಾಗ ಹೆತ್ತ ಮಕ್ಕಳನ್ನೇ ತೂಗ್ಲಿಲ್ಲ. ಈಗೇನ್ ಬಂತು ನಿಮಗೆ?”

ಕುರ್ಚಿ ಮುಂದಕ್ಕೆ ವಾಲಿ ನಿಂತಿತು, ಯಾರೋ ಏಳಲು ಹೊರಟ ಹಾಗೆ. ದೀಪ ಹಚ್ಚುವಾಗಲೂ ಹಾಗೇ ವಾಲಿಕೊಂಡಿತ್ತು.

ಮಾರನೇ ಬೆಳಗ್ಗೆ ಸೊಸೆ ಬ್ಯಾಗು ತಂದು ಬಾಗಿಲಲ್ಲಿಟ್ಟಳು. ನಾನು ಕಲ್ಲು ಕೆಳಗಿಳಿಸಿ, ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಆ ಕುರ್ಚಿಯಲ್ಲಿ ಕೂತೆ.

“ಇನ್ಮೇಲೆ ಇದು ಖಾಲಿ ಇರಲ್ಲ ಕಣಮ್ಮ. ಹೋಗಿ ಹೆತ್ಕೊಂಡು ಬಾ,” ಅಂದೆ.

“ನಿಜವಾಗ್ಲೂ ನೀವೇ ಕೂತಿರ್ತೀರಾ?”

“ಇನ್ಯಾರು ಕೂರ್ತಾರೆ?”

ಬಸ್ಸಿಗಿನ್ನೂ ಹೊತ್ತಿತ್ತು. ಅವಳು ಹತ್ತಿರ ಬಂದು ಕೆಳಗೆ ಕೂತು ಮೊರಕ್ಕೆ ಕೈ ಹಾಕಿದಳು. ನಾನು ಕೂತಾಗಲೇ ಕುರ್ಚಿಯ ಬೆತ್ತ ಬೆಚ್ಚಗಿತ್ತು, ಯಾರೋ ಆಗಷ್ಟೇ ಎದ್ದ ಹಾಗೆ. ಅವಳಿಗೆ ಹೇಳಲಿಲ್ಲ. ಕುರ್ಚಿ ಆಡದಂತೆ ಕಾಲು ನೆಲಕ್ಕೆ ಊರಿಕೊಂಡು ಕಾಯಿ ಸುಲಿದೆ.